ಹೆಸರಿನ ಕೆಳಗಿನ ಮಾತು

"ನಿಮ್ಮ ಹೆಸರು ಟೈಪ್ ಮಾಡ್ಲಾ?"

ಅಂಗಡಿಯೊಳಗೆ ಕಾಲಿಟ್ಟವನು ಆಡಿದ ಮೊದಲ ಮಾತೇ ಇದು. ನಮಸ್ಕಾರ ಇಲ್ಲ, ರೇಟು ಕೇಳಲಿಲ್ಲ, ಏನೂ ಇಲ್ಲ!

ಮಿರ್ಸಿನಿಯ ಬೆರಳ ನಡುವೆ ಇದ್ದ ಸಕ್ಕರೆ ಬಾದಾಮಿ ಅಲ್ಲೇ ನಿಂತಿತು.

ಅವನು ಗಾಜಿನ ಮೇಜಿನ ಮೇಲೆ ಫೋನ್ ಇಟ್ಟು ಅವಳ ಕಡೆ ತಿರುಗಿಸಿದ. ಸರ್ಚ್ ಮಾಡುವ ಜಾಗದಲ್ಲಿ ಅಂಗಡಿಯ ಹೆಸರು, ಪಕ್ಕದಲ್ಲಿ ಊರಿನ ಹೆಸರು, 'ಮಿರ್ಸಿನಿ ಕವಾಲಾ' ಎಂದಷ್ಟೇ ಬರೆದಿದ್ದ. ಮುಂದಿನದನ್ನು ಫೋನೇ ಹೇಳಿಕೊಟ್ಟಿತ್ತು. ಕೆಳಗೆ, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ...

'ಮಿರ್ಸಿನಿ ಕವಾಲಾ ವಿಷ'.

ಅವಳಿಗೆ ಅದು ಹೊಸದಲ್ಲ. ಜುಲೈ ತಿಂಗಳಿಂದ ಆ ಸಾಲು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನಂತೆ ಕೂತಿತ್ತು. ಆದರೆ ಮುಖಕ್ಕೆ ಹಿಡಿದು ತೋರಿಸಿದವನು ಇವನೊಬ್ಬನೇ!

"ಇದು ನಿಮ್ಮ ಅಂಗಡೀನೇ ತಾನೆ?"

"ಬೋರ್ಡ್ ಓದೋಕೆ ಬರಲ್ವಾ?"

"ಬರುತ್ತೆ. ಬೋರ್ಡಲ್ಲಿ ವಿಷ ಅಂತ ಎಲ್ಲೂ ಕಾಣ್ಲಿಲ್ಲ. ಅದಕ್ಕೇ ಕೇಳ್ದೆ."

ಆಹಾ, ತಮಾಷೆ ಬೇರೆ!

"ನಾನು ಫೋಟಿಸ್. ನನ್ನ ತಂಗಿ ಆರ್ಗಿರೋ ಮದುವೆಗೆ ಬಂದೋರಿಗೆ ಹಂಚೋ ಬಾದಾಮಿ ನಿಮ್ಮಲ್ಲೇ ಹೇಳಿದಾಳೆ. ಅವಳ ಅತ್ತೆ ಆಗೋರು ಈ ಸಾಲು ನೋಡ್ಬಿಟ್ರು. ಬೇರೆ ಅಂಗಡಿ ನೋಡಿ ಅಂತ ಹಠ. ತಂಗಿ ಅಳ್ತಾ ಕೂತಿದಾಳೆ. ನಾನು ಥೆಸಲೋನಿಕಿಯಲ್ಲಿ ಇದೇ ಕೆಲಸ ಮಾಡೋದು. ಇಂಟರ್‌ನೆಟ್ಟಲ್ಲಿ ಕೆಟ್ಟ ಹೆಸರನ್ನ ಸರಿ ಮಾಡೋದು. ಬೇಕಿದ್ರೆ..."

ಬೇಕಿದ್ರೆ?!

ನಾಲ್ಕು ದಿನದ ಹಿಂದೆಯಷ್ಟೇ ಅವಳಿಗೊಂದು ಮೇಲ್ ಬಂದಿತ್ತು. 'ನಿಮ್ಮ ಹೆಸರಿಗೆ ಮಸಿ ಹತ್ತಿದೆ. ನಾವು ತೊಳೆದುಕೊಡುತ್ತೇವೆ.' ಕೆಳಗೆ ಯಾರ ಹೆಸರೂ ಇರಲಿಲ್ಲ. ಅವಳು ಉತ್ತರ ಕೊಡಲಿಲ್ಲ. ಈಗ ನೋಡಿದರೆ ಆಸಾಮಿಯೇ ಬಾಗಿಲಿಗೆ ಬಂದಿದ್ದಾನೆ!

'ಮಸಿ ಬಳಿಯೋರೂ ಇವರೇ, ಸೋಪು ಮಾರೋರೂ ಇವರೇ...'

"ಆ ಮೇಲ್ ಕಳ್ಸಿದ್ದು ನೀವೇನಾ?"

"ಯಾವ ಮೇಲ್?"

"ಬಾಗಿಲು ಅಲ್ಲಿದೆ."

ಅವನು ಫೋನ್ ಎತ್ತಿಕೊಂಡು ಹೊರಟ. ಹೊಸ್ತಿಲಲ್ಲಿ ತಿರುಗಿದ. "ನಾಳೆ ಬರ್ತೀನಿ."

"ಬನ್ನಿ ಬನ್ನಿ. ಬೀಗ ನೋಡ್ಕೊಂಡು ಹೋಗಿ!"

ಅವನು ನಕ್ಕುಬಿಟ್ಟ. ಛೇ! ಇಷ್ಟು ಚಂದದ ನಗು ಕಳ್ಳರಿಗೆ ಯಾಕಾದರೂ ಕೊಡ್ತಾನೋ ದೇವರು...

* * *

ಜುಲೈನಲ್ಲಿ ಆಗಿದ್ದು ಇಷ್ಟೇ. ಒಂದು ಹೋಟೆಲಿನಲ್ಲಿ ಮಗುವಿನ ನಾಮಕರಣ. ಊಟ ಮಾಡಿದ ಹನ್ನೊಂದು ಜನಕ್ಕೆ ವಾಂತಿ. ಅಲ್ಲಿ ಹಂಚಿದ ಸಕ್ಕರೆ ಬಾದಾಮಿ ಮಿರ್ಸಿನಿಯ ಅಂಗಡಿಯದು. ಆರೋಗ್ಯ ಇಲಾಖೆಯವರು ಎಲ್ಲವನ್ನೂ ಪರೀಕ್ಷೆ ಮಾಡಿ, ಸೀಗಡಿ ಹಳಸಿತ್ತು, ಬಾದಾಮಿಯ ತಪ್ಪೇನೂ ಇಲ್ಲ ಎಂದು ಬರೆದುಕೊಟ್ಟರು.

ಆದರೆ ಆ ಕಾಗದವನ್ನು ಓದುವವರು ಯಾರು? ಮದುವೆ ಗೊತ್ತಾದ ಹುಡುಗಿಯರು ಫೋನಿನಲ್ಲಿ ಅಂಗಡಿ ಹೆಸರು ಬರೆಯುತ್ತಾರೆ, ಕೆಳಗೆ ಆ ಮಾತು ಕಾಣುತ್ತದೆ, ಮುಗಿಯಿತು. ಈಗಾಗಲೇ ನಾಲ್ಕು ಮದುವೆಯವರು ಬೇಡ ಎಂದಿದ್ದರು. ಆ ಅಂಗಡಿಗೆ ಮಿರ್ಸಿನಿ ಹುಟ್ಟಿದ ವರ್ಷ ಅವಳ ಹೆಸರನ್ನೇ ಇಟ್ಟವಳು ಅಮ್ಮ. ಅಮ್ಮ ಈಗಿಲ್ಲ. ಆ ಮಾತು ಬಂದು ಕೂತಿದ್ದು ಅಂಗಡಿಯ ಹೆಸರಿನ ಕೆಳಗಲ್ಲ, ಮಿರ್ಸಿನಿಯ ಹೆಸರಿನ ಕೆಳಗೆ.

"ಆರ್ಗಿರೋ ಮದುವೇನೂ ಕೈ ಬಿಟ್ರೆ ಬೀಗ ಹಾಕೋದೇ ಕಣೆ," ಎಂದಿದ್ದಳು ಅವಳನ್ನು ಸಾಕಿ ಬೆಳೆಸಿದ ಸೋದರತ್ತೆ ಸ್ಟಮಾಟುಲಾ, ಕಣ್ಣು ಒರೆಸಿಕೊಳ್ಳುತ್ತಾ. "ಅಥೆನ್ಸಿಗೆ ಹೋಗಿ ಯಾರ ಅಂಗಡೀಲೋ ಸೆಂಟು ಮಾರು."

* * *

ಮಾರನೇ ದಿನ ಅವನು ನಿಜಕ್ಕೂ ಬಂದ!

"ನಿಮ್ಮ ವೆಬ್‌ಸೈಟಿನ ಲೆಕ್ಕ ನೋಡ್ಬೇಕು. ಜನ ಯಾವ ಮಾತು ಹುಡುಕಿದಾಗ ನಿಮ್ಮ ಪುಟ ಕಾಣ್ಸುತ್ತೆ ಅಂತ ಅದ್ರಲ್ಲಿ ಇರುತ್ತೆ. ಪಾಸ್‌ವರ್ಡ್ ಕೊಡ್ತೀರಾ?"

"ಕಿಡ್ನಿ ಬೇಡ್ವಾ?"

"ಸದ್ಯಕ್ಕೆ ಪಾಸ್‌ವರ್ಡ್ ಸಾಕು."

"ಎಷ್ಟು ತಗೋತೀರಿ?"

"ಏನೂ ಬೇಡ. ತಂಗಿ ಅಳು ನಿಂತ್ರೆ ಸಾಕು."

ಏನೂ ಬೇಡ ಎನ್ನುವವರನ್ನು ಕಂಡರೆ ಮಿರ್ಸಿನಿಗೆ ಇನ್ನೂ ಅನುಮಾನ. ಪಾಸ್‌ವರ್ಡನ್ನು ಅವನಿಗೆ ಕಾಣದಂತೆ ತಾನೇ ಬರೆದು, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಳು. ಒಳಗಿನಿಂದ ಅತ್ತೆ ಇಣುಕಿ, "ಕಳ್ಳನ ಕೈಗೇ ಬೀಗದ ಕೈ ಕೊಟ್ಟಂಗಾಯ್ತು," ಎಂದು ಗೊಣಗಿ, ದೃಷ್ಟಿ ತಾಗದಿರಲೆಂದು ಥೂ ಥೂ ಥೂ ಎಂದು ಹೋದಳು.

"ನೋಡಿ, ಈ ಸಾಲನ್ನ ಯಾರೂ ಕೂತ್ಕೊಂಡು ಬರೆದಿಲ್ಲ," ಎಂದ ಫೋಟಿಸ್. "ಜನ ಏನು ಜಾಸ್ತಿ ಹುಡುಕ್ತಾರೋ, ಅದನ್ನೇ ಫೋನು ಮುಂದಿನೋರಿಗೆ ಹೇಳ್ಕೊಡುತ್ತೆ. ಹುಡುಕೋದು ನಿಂತ್ರೆ ಮೆಲ್ಲಗೆ ಅದೂ ಹೋಗುತ್ತೆ. ಜುಲೈ ಸುದ್ದಿ ಸೆಪ್ಟೆಂಬರಿಗೆ ಸತ್ತಿರ್ಬೇಕಿತ್ತು. ಯಾರೋ ದಿನಾ ನೀರು ಹಾಕ್ತಿದಾರೆ."

ತೆರೆಯ ಮೇಲೆ ಗೆರೆಯೊಂದು ಏರಿಳಿಯಿತು. ಪ್ರತಿ ಸಂಜೆ ಏಳರ ಹೊತ್ತಿಗೆ ಒಂದು ಏರು. ಭಾನುವಾರ ಮಾತ್ರ ಬೆಳಿಗ್ಗೆ ಹತ್ತೂವರೆಗೆ ದೊಡ್ಡ ಏರು.

"ದಿನಾ ಅದೇ ಟೈಮಾ?" ಅವಳು ತೆರೆಗೆ ಇನ್ನೂ ಹತ್ತಿರ ಬಗ್ಗಿದಳು. "ಕೂಲಿ ಕೊಟ್ಟು ಮಾಡ್ಸಿದಂಗಿದೆ!"

"ಹೌದು... ದಿನಾ ಸಂಜೆ ಒಂದೇ ಹೊತ್ತಿಗೆ ಇಷ್ಟು ಜನ ಯಾರು ಫೋನ್ ತೆಗೀತಾರೆ..."

ಅಷ್ಟರಲ್ಲಿ ಬೀದಿಯ ಮೇಲಿನ ಚರ್ಚಿನಲ್ಲಿ ಸಂಜೆ ಪ್ರಾರ್ಥನೆಯ ಗಂಟೆ ಬಾರಿಸಿತು. ಅತ್ತೆ ತಲೆಗೆ ಬಟ್ಟೆ ಕಟ್ಟಿಕೊಂಡು, ಫೋನನ್ನು ಚೀಲಕ್ಕೆ ಹಾಕಿಕೊಂಡು ಓಡಿದಳು.

ಫೋಟಿಸ್ ಓಡುವ ಅತ್ತೆಯನ್ನೇ ನೋಡಿದ. ಗೆರೆಯನ್ನು ನೋಡಿದ. ಆಮೇಲೆ ಕಂಪ್ಯೂಟರ್ ಮುಚ್ಚಿಬಿಟ್ಟ.

"ಏನಾಯ್ತು?"

"ಏನಿಲ್ಲ."

"ಗೊತ್ತಾಯ್ತಾ ಯಾರು ಅಂತ?"

"ಇಲ್ಲ."

ಸುಳ್ಳು! ಕಿವಿಯ ತುದಿ ಕೆಂಪಾಗಿತ್ತು. ಸುಳ್ಳು ಹೇಳಿದರೆ ಕಿವಿ ಕೆಂಪಾಗುವವನು ಈ ಕೆಲಸಕ್ಕೆ ಹೇಗೆ ಬಂದನೋ...

* * *

ಆದರೂ ಅವನು ದಿನಾ ಬರತೊಡಗಿದ. ಅವಳೂ ದಿನಾ ಕಾಯತೊಡಗಿದಳು. ಕಾವಲಿಗೆ ಕಾಯುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು, ಪಾಪ!

ತಂಗಿಯ ಅತ್ತೆಯಿಂದ ಹೇಗೋ ಒಂದು ವಾರದ ಗಡುವು ಪಡೆದಿದ್ದ. ಸುಮ್ಮನೆ ಕೂರಲಾರದೆ ಬಿಳಿ ಬಟ್ಟೆಯಲ್ಲಿ ಬಾದಾಮಿ ಕಟ್ಟುವ ಕೆಲಸಕ್ಕೂ ಕೈ ಹಾಕಿದ.

"ಅಯ್ಯೋ, ಆರು ಹಾಕಿದೀರಲ್ರೀ!" ಅವಳು ಕಿರುಚಿದಳು. "ಐದು! ಆರು ಹಾಕಿದ್ರೆ ಗಂಡ ಹೆಂಡ್ತಿ ಮೂರು ಮೂರು ಹಂಚ್ಕೊಂಡು ಬೇರೆ ಆಗ್ತಾರೆ. ಸರಿಸಮ ಭಾಗ ಆಗಬಾರ್ದು."

"ಹಾಗಾದ್ರೆ ಈ ಒಂದನ್ನ ಏನು ಮಾಡ್ಲಿ?"

"ತಿನ್ನಿ. ವಿಷ ಅಲ್ವಾ, ಧೈರ್ಯ ಇದ್ಯಾ?"

ಅವನು ಅವಳ ಕಣ್ಣು ತಪ್ಪಿಸದೆ ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಡಿದ. ಆ ಶಬ್ದ ಅವಳ ಎದೆಯೊಳಗೇ ಆದಂತಾಯಿತು. ಜುಲೈನಿಂದ ಯಾರೂ, ಯಾರೊಬ್ಬರೂ, ಅವಳ ಮುಂದೆ ನಿಂತು ಅವಳ ಬಾದಾಮಿ ತಿಂದಿರಲಿಲ್ಲ...

'ನಂಬಿಬಿಡ್ಲಾ? ಒಂದೇ ಒಂದು ಸಲ?'

ಆಗಲೇ ಮೇಜಿನ ಮೇಲಿದ್ದ ಅವನ ಫೋನ್ ಮಿನುಗಿತು. ಯಾವುದೋ ನಂಬರಿನಿಂದ ಸಂದೇಶ. ಓದಬಾರದಿತ್ತು. ಓದಿದಳು.

'ನಮ್ಮವರು ಒಟ್ಟು ನಲವತ್ತಮೂರು ಜನ. ವಿಷದ ಮಾತು ಟೈಪ್ ಮಾಡೋರ ಪಟ್ಟಿ ಕಳಿಸಿದೀನಿ. ಆ ಹುಡುಗಿಗೆ ಮಾತ್ರ ಗೊತ್ತಾಗೋದು ಬೇಡ.'

ಅವಳು ಫೋನನ್ನು ಅವನ ಮುಖಕ್ಕೆ ಹಿಡಿದಳು.

"ನಲವತ್ತಮೂರು ಜನಾನಾ?!"

ಫೋಟಿಸ್ ಬಿಳಿಚಿಕೊಂಡ. "ಮಿರ್ಸಿನಿ, ಅದು ನೀವು ಅಂದ್ಕೊಂಡಂಗಲ್ಲ..."

"ಮತ್ತೆ ಹೇಗೆ? ಹೇಳು! ಯಾರು ಇವ್ರು? ಒಂದು ಹೆಸರು ಹೇಳು!"

ಕೋಪದಲ್ಲಿ 'ನೀವು' ಹೋಗಿ 'ನೀನು' ಆಗಿತ್ತು.

ಅವನು ಬಾಯಿ ತೆರೆದ. ಒಳಗೆ ಅತ್ತೆ ಹಾಡು ಗುನುಗುತ್ತಾ ತಟ್ಟೆ ತೊಳೆಯುವ ಸದ್ದು ಕೇಳುತ್ತಿತ್ತು. ಅವನು ಬಾಯಿ ಮುಚ್ಚಿದ.

"ಹೇಳೋಕಾಗಲ್ಲ."

"ನಿನ್ನ ಹತ್ರ ಎಲ್ಲದಕ್ಕೂ ಜನ ಇದಾರೆ. ಬಳಿಯೋಕೆ ನಲವತ್ತಮೂರು, ತೊಳೆಯೋಕೆ ನೀನು. ನಾನು ಪೆದ್ದಿ... ಹೋಗು! ನಿನ್ನ ತಂಗಿಗೆ ಬೇರೆ ಅಂಗಡಿ ನೋಡ್ಕೊ!"

ಅವನು ಹೋದ. ಈ ಸಲ ಹೊಸ್ತಿಲಲ್ಲಿ ತಿರುಗಲಿಲ್ಲ. ಅವಳು ಕಟ್ಟಿದ್ದ ಗಂಟುಗಳನ್ನೆಲ್ಲ ಬಿಚ್ಚಿ, ಮತ್ತೆ ಕಟ್ಟಿ, ಮತ್ತೆ ಬಿಚ್ಚಿದಳು.

* * *

ಎರಡು ದಿನಕ್ಕೆ ಶಿಲುಬೆ ಹಬ್ಬ. ಅವತ್ತು ಚರ್ಚಿನಲ್ಲಿ ಕೊಡುವ ತುಳಸಿ ಕಡ್ಡಿಯನ್ನು ಅದ್ದಿದ ನೀರಿನಿಂದಲೇ ವರ್ಷವಿಡೀ ಬ್ರೆಡ್ಡು ಉಬ್ಬಿಸುವ ಹೊಸ ಹುಳಿಹಿಟ್ಟನ್ನು ಕಲಸುವುದು. ಜುಲೈನಿಂದ ನಾಚಿಕೆಗೆ ಚರ್ಚಿನ ಕಡೆ ತಲೆ ಹಾಕದ ಮಿರ್ಸಿನಿಯನ್ನು ಅತ್ತೆ ಕೈ ಹಿಡಿದು ಎಳೆದೊಯ್ದಳು.

ಪೂಜೆ ಮುಗಿಯಿತು. ತುಳಸಿ ಹಿಡಿದ ಹೆಂಗಸರೆಲ್ಲ ಕಾಫಿಗೆಂದು ಅಂಗಳದಲ್ಲಿ ಸೇರಿದರು. ಅತ್ತೆ ಚೀಲದಿಂದ ಫೋನ್ ತೆಗೆದು, ಕನ್ನಡಕ ಏರಿಸಿ, ದೊಡ್ಡ ದನಿಯಲ್ಲಿ ಕೂಗಿದಳು:

"ಎಲ್ರೂ ನೋಡಿದ್ರೇನ್ರೇ? ನಂದ್ರಲ್ಲಿ ಇನ್ನೂ ಇದೆ!"

"ಅಯ್ಯೋ ಸ್ಟಮಾಟುಲಾ, ಟೈಪ್ ಮಾಡ್ಬೇಡ್ವೇ!" ಪಾದ್ರಿಯ ಹೆಂಡತಿ ಓಡಿ ಬಂದು ಫೋನ್ ಕಿತ್ತುಕೊಂಡಳು. "ಆ ಹುಡುಗ ನಂಗೆ ಎಷ್ಟು ಸಲ ಹೇಳ್ದ! ನಾವು ದಿನಾ ಹುಡುಕೋದ್ರಿಂದ್ಲೇ ಅದು ಹೋಗ್ತಿಲ್ವಂತೆ!"

ಅಂಗಳದ ಹೆಂಗಸರೆಲ್ಲ ಮಿರ್ಸಿನಿಯ ಕಡೆ ತಿರುಗಿದರು.

ಮಿರ್ಸಿನಿಯ ಕೈಯಿಂದ ತುಳಸಿ ಜಾರಿತು. "ಏನು... ಏನು ಟೈಪ್ ಮಾಡ್ತೀರಿ ಅತ್ತೆ?"

ಅತ್ತೆ ಏನೂ ಅರಿಯದ ಮಗುವಿನಂತೆ ನೋಡಿದಳು. "ಹರಕೆ ಕಣೆ. ಆಗಸ್ಟ್ ಉಪವಾಸದಲ್ಲಿ ನಾವೆಲ್ಲ ದೇವಮಾತೆಗೆ ಹರಕೆ ಹೊತ್ವಿ. ದಿನಾ ಮೇಣದಬತ್ತಿ ಹಚ್ಚಿ, ಆಮೇಲೆ ಆ ಹಾಳು ಮಾತು ಹೋಯ್ತಾ ಅಂತ ಎಲ್ರೂ ಫೋನಲ್ಲಿ ಬರ್ದು ನೋಡೋದು. ಹೋಗೋ ತನಕ ಬಿಡಲ್ಲ ಅಂತ. ನಲವತ್ತಮೂರು ಜನ! ಒಂದು ದಿನಾನೂ ತಪ್ಪಿಸಿಲ್ಲ!"

ಸಂಜೆ ಏಳಕ್ಕೊಂದು ಏರು. ಭಾನುವಾರ ಹತ್ತೂವರೆಗೆ ದೊಡ್ಡ ಏರು...

"ನಿನಗೆ ಹೇಗೆ ಹೇಳೋದು ಅಂತ ಒದ್ದಾಡ್ತಿದ್ದೆ ಸ್ಟಮಾಟುಲಾ," ಎಂದಳು ಪಾದ್ರಿಯ ಹೆಂಡತಿ. "ಆ ಹುಡುಗ ನನ್ನ ಹತ್ರ ಬಂದು ಕೈ ಮುಗ್ದ. ಒಬ್ಬೊಬ್ರನ್ನೇ ಮೆಲ್ಲಗೆ ನಿಲ್ಲಿಸಿ, ಹುಡುಗಿಗೆ ಗೊತ್ತಾದ್ರೆ ಅತ್ತೆ ಮುಖ ಹೇಗೆ ನೋಡ್ತಾಳೆ ಅಂದ. ಅವನಿಗೆ ಪಟ್ಟಿ ಕಳಿಸಿದ್ದೂ ನಾನೇ."

ಅತ್ತೆಯ ಮುಖ ಒಮ್ಮೆಲೇ ಕುಸಿಯಿತು. "ಅಂದ್ರೆ... ನಾನೇನಾ? ನಿನ್ನ ಹೆಸರಿಗೆ ನಾನೇ..."

ಮಿರ್ಸಿನಿ ಅವಳನ್ನು ಅಪ್ಪಿಕೊಂಡಳು. ಅಳುತ್ತಾ ನಕ್ಕಳು, ನಗುತ್ತಾ ಅತ್ತಳು. "ನಾನೂ ದಿನಕ್ಕೆ ಇಪ್ಪತ್ತು ಸಲ ಟೈಪ್ ಮಾಡ್ತಿದ್ದೆ ಅತ್ತೆ... ನನ್ನ ಹೆಸರಿಗೆ ನಾನೇ!"

ಮೊದಲು ನಕ್ಕಿದ್ದು ಹಿಂದಿನ ಸಾಲಿನಲ್ಲಿ ನಿಂತಿದ್ದ, ಸಿಡುಕು ಮುಖದ ಹೆಂಗಸು. ಆರ್ಗಿರೋಳ ಅತ್ತೆ ಆಗುವವಳು! ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು, "ಇಷ್ಟು ಜನ ದಿನಾ ಮೇಣದಬತ್ತಿ ಹಚ್ಚೋ ಬಾದಾಮಿ ಬೇರೆಲ್ಲಿ ಸಿಗುತ್ತೆ? ಇನ್ನೂ ನೂರು ಗಂಟು ಜಾಸ್ತಿ ಕಟ್ಟು ಮಗಳೇ," ಎಂದಳು.

ಆದರೆ ಮಿರ್ಸಿನಿ ಅಲ್ಲಿರಲೇ ಇಲ್ಲ. ಇಳಿಜಾರಿನ ಬೀದಿಯಲ್ಲಿ ಓಡುತ್ತಿದ್ದಳು.

* * *

ಫೋಟಿಸ್ ತಂಗಿಯ ಮನೆಯ ಮುಂದೆ ಬಾಡಿಗೆ ಕುರ್ಚಿಗಳನ್ನು ಇಳಿಸುತ್ತಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ಕುರ್ಚಿಯನ್ನು ಕಾಲ ಮೇಲೇ ಬೀಳಿಸಿಕೊಂಡ.

"ಯಾಕೆ ಹೇಳ್ಲಿಲ್ಲ?" ಅವಳಿಗೆ ಏದುಸಿರು. "ಒಂದು ಮಾತು ಹೇಳಿದ್ರೆ ಆಗ್ತಿತ್ತು!"

"ಹೇಳಿದ್ರೆ ನೀವು ನಿಮ್ಮ ಅತ್ತೇನ ಬೈತಿದ್ರಿ. ನಿಮಗೆ ಇರೋದೇ ಅವ್ರು." ಕಾಲು ಉಜ್ಜಿಕೊಂಡ. "ನನ್ನನ್ನ ಬೈದ್ರೆ ಏನಾಯ್ತು... ನಾನು ಯಾರು ನಿಮಗೆ?"

"ಕಳ್ಳ ಅನ್ನಿಸ್ಕೊಳ್ಳೋಕೂ ತಯಾರಿದ್ಯಾ?"

"ನೋವಾಯ್ತು. ಸುಳ್ಳು ಹೇಳಲ್ಲ. ತುಂಬಾ ನೋವಾಯ್ತು."

ಅವಳ ಕಣ್ಣು ತುಂಬಿತು. "ತಪ್ಪಾಯ್ತು ಫೋಟಿಸ್. ಎಲ್ಲರೂ ನನ್ನ ಮೇಲೆ ಅನುಮಾನ ಪಟ್ರು ಅಂತ ಅಳ್ತಿದ್ದೆ. ನಾನು ಮಾಡಿದ್ದೂ ಅದೇ."

ಅವನು ಕುರ್ಚಿ ನೆಟ್ಟಗೆ ಮಾಡಿ ಅವಳನ್ನು ಕೂರಿಸಿದ. ತಾನು ನೆಲದ ಮೇಲೆ ಕೂತ. "ಆ ಮೇಲು ನಂದಲ್ಲ, ಕೆಟ್ಟ ಹೆಸರು ಕಂಡೋರಿಗೆಲ್ಲ ಯಾರೋ ಕಳ್ಸೋದು. ಆ ಮಾತು ಹೋಗೋಕೆ ಇನ್ನೂ ಕೆಲವು ವಾರ ಬೇಕು."

"ಕಾಯ್ತೀನಿ. ಟೈಪ್ ಮಾಡ್ದೆ ಕಾಯ್ತೀನಿ." ಮೂಗು ಒರೆಸಿಕೊಂಡಳು. "ಇನ್ನೊಂದು ವಿಷ್ಯ... ನಿನ್ನ ಹೆಸರೂ ಟೈಪ್ ಮಾಡಿ ನೋಡಿದ್ದೆ."

"ಯಾವಾಗ?"

"ಮೊದಲ್ನೇ ದಿನಾನೇ. ಆಮೇಲೆ ದಿನಾ."

"ಏನು ಬಂತು ಕೆಳಗೆ?"

"ಏನೂ ಇಲ್ಲ. ಖಾಲಿ."

"ನನ್ನನ್ನ ಯಾರು ಹುಡುಕ್ತಾರೆ?" ಅವನು ತಮಾಷೆಗೆಂದೇ ಅಂದ. ದನಿ ಮಾತ್ರ ತಮಾಷೆಯದಾಗಿರಲಿಲ್ಲ.

ಮಿರ್ಸಿನಿ ಬಗ್ಗಿ ಅವನ ಕೆಂಪಾದ ಕಿವಿಯನ್ನು ಮೆಲ್ಲಗೆ ಹಿಡಿದಳು. "ಹರಕೆ ಹೊರೋಕೆ ನಲವತ್ತಮೂರು ಜನ ಖಾಲಿ ಕೂತಿದಾರೆ. ಇವತ್ತು ಸಂಜೆಯಿಂದ್ಲೇ ಶುರು ಮಾಡಿಸ್ತೀನಿ."

"ಏನಂತ ಹುಡುಕ್ತಾರೆ?"

"'ಫೋಟಿಸ್ ಮದುವೆ ಯಾವಾಗ' ಅಂತ."

"ಅದಕ್ಕೆ... ಉತ್ತರ ಯಾರು ಕೊಡ್ತಾರೆ?"

"ಫೋನು ಕೊಡಲ್ಲ," ಎಂದಳು ಮಿರ್ಸಿನಿ. "ನನ್ನನ್ನ ಕೇಳು."

ಅವನು ಕೇಳಿದ.