ಸುನಿತಕ್ಕನ ನಡುಮನೆಯ ಬೋರ್ಡು

ನಾನು ಹಸೀಬ್, ಶ್ರೀರಂಗಪಟ್ಟಣದಲ್ಲಿ ವೈರಿಂಗ್ ಕೆಲಸ ಮಾಡುತ್ತೇನೆ. ಹೋದ ಬೇಸಿಗೆಯಲ್ಲಿ ಅರಕೆರೆಯ ಸುನಿತಕ್ಕ ಕರೆಸಿದ್ದರು. ಅವರ ಗಂಡ ತಿಮ್ಮರಾಜು ನಡುಮನೆಯ ಸ್ವಿಚ್ ಬೋರ್ಡಿನಲ್ಲಿ ಶಾಕ್ ಹೊಡೆದು ತೀರಿಕೊಂಡು ವರ್ಷವಾಗಿತ್ತು. ನೆಂಟರೆಲ್ಲ ಆ ಮನೆ ಬಿಡು ಅನ್ನುತ್ತಿದ್ದರಂತೆ.

“ನಾನ್ಯಾಕೆ ಬುಡ್ಲಿ? ಆ ಬೋರ್ಡೇ ಓಗ್ಲಿ, ಕಿತ್ತಾಕಪ್ಪ,” ಅಂದರು.

ಮೈನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಬೇರೆ ಕೋಣೆಗಳಲ್ಲಿ ಟೆಸ್ಟರ್ ಇಟ್ಟು ನೋಡಿದೆ, ಎಲ್ಲೂ ಕರೆಂಟ್ ಇರಲಿಲ್ಲ. ನಡುಮನೆಯ ಬೋರ್ಡಿಗೆ ಇಟ್ಟಾಗ ಟೆಸ್ಟರಿನ ದೀಪ ಉರಿಯಿತು. ಹೊರಗೆ ಕೆಂಡದಂಥ ಬಿಸಿಲು; ಆ ಗೋಡೆ ಮಾತ್ರ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಟೆಸ್ಟರೇ ಕೆಟ್ಟಿದೆಯೇನೋ ಎಂದು ಹೊಸದು ತಂದೆ. ಅದೂ ಉರಿಯಿತು. ಕೊನೆಗೆ ಲೈನ್‌ಮನ್ನಿಗೆ ಹೇಳಿ ಕಂಬದಲ್ಲೇ ಕರೆಂಟ್ ತೆಗೆಸಿದೆ. ಬೀದಿಯ ಫ್ಯಾನುಗಳೆಲ್ಲ ನಿಂತವು. ಟೆಸ್ಟರ್ ಉರಿಯುತ್ತಲೇ ಇತ್ತು.

“ಇವತ್ತಿಗೆ ಬುಟ್ಬುಡಾನ ಅಕ್ಕ,” ಅಂದೆ.

ಸುನಿತಕ್ಕ ನನ್ನ ಮಾತು ಕೇಳಿಸಿಕೊಳ್ಳದೆ ಬೋರ್ಡಿನ ಎದುರು ನಿಂತರು. “ನನ್ ಗಂಡನ್ನ ತಗೊಂಡ್ಬುಟ್ಟೆ. ಮನೆ ಮಾತ್ರ ಕೊಡಾಕಿಲ್ಲ,” ಎಂದು ಗೋಡೆಗೇ ಹೇಳಿದರು.

ನನಗೂ ಹಟ ಬಂತು. ರಬ್ಬರ್ ಗ್ಲೌಸ್ ಹಾಕಿ, ಕಟಿಂಗ್ ಪ್ಲೇಯರಿನಿಂದ ವೈರ್ ಕತ್ತರಿಸಿ, ಬೋರ್ಡನ್ನು ಕಿತ್ತು ಅಂಗಳಕ್ಕೆ ತಂದು ಎಸೆದೆ.

ಸುನಿತಕ್ಕ ಈಗಲೂ ಆ ಮನೆಯಲ್ಲೇ ಇದ್ದಾರೆ, ಅದೇ ಗೋಡೆಗೆ ಒರಗಿ ಕೂತು ಊಟ ಮಾಡುತ್ತಾರೆ. ಒಂದು ಮಾತನ್ನು ಮಾತ್ರ ನಾನು ಅವರಿಗೆ ಹೇಳಿಲ್ಲ. ಅವತ್ತು ಹೊರಡುವ ಮುಂಚೆ, ಅಂಗಳದಲ್ಲಿ ಬಿದ್ದಿದ್ದ ಬೋರ್ಡಿನಿಂದ ಹೊರಚಾಚಿದ್ದ ಗೇಣುದ್ದದ ವೈರಿಗೆ, ಬಿಸಿಲಿಗೆ ಅಂಗೈ ಅಡ್ಡ ಹಿಡಿದು ಟೆಸ್ಟರ್ ಇಟ್ಟೆ. ಉರಿಯಿತು.