ಸೆರಗುಬಾಲದ ತೊರಕೆ

ಬಹಳ ಹಿಂದೆ, ಅಲೆಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಹವಳದ್ವೀಪವೆಂಬ ಒಂದು ರಾಜ್ಯವಿತ್ತು. ಅಲ್ಲಿ ಮುತ್ತಿನ ಚಿಪ್ಪು ತೆಗೆಯಲು ಮುಳುಗುವವರದೊಂದು ಕಟ್ಟಳೆ: ನೀರಿನಡಿ ಯಾವುದನ್ನು ಯಾರು ಮೊದಲು ಮುಟ್ಟಿದರೋ ಅದು ಅವರದು. ಹೀಗಾಗಿ ಅಲ್ಲಿನವರಿಗೆ ಕಣ್ಣಿಗಿಂತ ಕೈ ಮುಂದೆ. ಜಟ್ಟಪ್ಪನೆಂಬ ತರುಣನ ಕೈಯಂತೂ ಎಲ್ಲರಿಗಿಂತ ಮುಂದೆ.

ಅವನಿಗಿದ್ದವಳು ಒಬ್ಬಳೇ ಅಕ್ಕ, ಹೊನ್ನಮ್ಮ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಸಾಕಿದವಳು. ಒಂದು ದಿನ ಕರಿಶಂಖನೆಂಬ ಮಾಂತ್ರಿಕ ಬಂದು, ಮುತ್ತು ಸಿಗುವ ಜಾಗ ತೋರಿಸೆಂದ. ಅವಳು ಆಗುವುದಿಲ್ಲವೆಂದಳು. ಅವನು ಕಪ್ಪು ಶಂಖ ಊದಿದ. ಹೊನ್ನಮ್ಮ ದೊಡ್ಡ ತೊರಕೆ ಮೀನಾಗಿ, ಚಪ್ಪಟೆ ಮೈ ಬಳುಕಿಸುತ್ತ ಕಡಲಿಗಿಳಿದಳು.

ಜಟ್ಟಪ್ಪ ಮಾಂತ್ರಿಕನ ಕಾಲಿಗೆ ಬಿದ್ದ.

"ಕಡಲಿನ ನೀರು ಮೂರು ಸಲ ಇಳಿಯುವಷ್ಟು ಹೊತ್ತು, ಮೂರು ಇಳಿತ ಕೊಡುತ್ತೇನೆ" ಎಂದು ಕರಿಶಂಖ ನಕ್ಕ. "ಮೊದಲನೆಯದರಲ್ಲಿ ಅವಳನ್ನು ಗುರುತಿಸು. ಎರಡನೆಯದರಲ್ಲಿ ಬೆದರಿಸಬೇಡ. ಮೂರನೆಯದರಲ್ಲಿ ಅವಳೇ ಹತ್ತಿರ ಬಂದರೂ ಮುಟ್ಟಬೇಡ. ಗೆದ್ದರೆ ಅಕ್ಕ ನಿನಗೆ. ಯಾರೇ ಅವಳನ್ನು ಮುಟ್ಟಿದರೂ ಅವರು ಮೀನಾಗಿ ಕಡಲ ಪಾಲು. ಇದು ಶಂಖದ ಆಣೆ!"

ಹವಳದ್ವೀಪದವರ ಕೈ ಸುಮ್ಮನಿರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಪಾಪಿ!

ದಡದಲ್ಲಿ ಬಲೆ ಹೆಣೆಯುತ್ತಿದ್ದ ಸುಬ್ಬಜ್ಜಿ ಎಲ್ಲವನ್ನೂ ಕಂಡಿದ್ದಳು. ಅವನಿಗೊಂದು ಮಾಯದ ಎಲೆ ಕೊಟ್ಟಳು. "ಬಾಯಲ್ಲಿಟ್ಕೋ ಮಗಾ, ಉಸಿರು ಕಟ್ಟೂದಿಲ್ಲ. ನಿನ್ನಕ್ಕನ ಬಾಲದ ಅಡಿಗೆ ಸೆರಗಿನ ಹಾಗೆ ಅಗಲ ಪೊರೆ ಜೋತಿತ್ತು. ಮೈ ನೋಡಿ ಮೋಸ ಹೋಗ್ಬೇಡ, ಬಾಲ ನೋಡು."

ಮೊದಲ ಇಳಿತದಲ್ಲಿ ಹವಳದ ದಿಬ್ಬದ ಬುಡದಲ್ಲಿ ಹತ್ತಾರು ತೊರಕೆಗಳು ಮಲಗಿದ್ದವು. ಒಂದರ ಬೆನ್ನ ಮೇಲೆ ಹೊನ್ನಮ್ಮನದೇ ಬಂಗಾರದ ಬಳೆ! ಜಟ್ಟಪ್ಪನ ಕೈ ಮುಂದಾಯಿತು. ತಟ್ಟನೆ ಬಾಲ ನೋಡಿದ. ಬರೀ ಚಾಟಿಯಂಥ ಬಾಲ, ಬಳೆ ಕರಿಶಂಖನ ಮೋಸ. ಕೈ ಹಿಂದೆಳೆದುಕೊಂಡ. ದೂರದ ಮರಳಿನಡಿ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು, ಹಿಂದೆ ಕಪ್ಪು ಸೆರಗು ಅಲುಗುತ್ತಿತ್ತು. "ಅವಳೇ ನನ್ನಕ್ಕ" ಎಂದು ದಡದಲ್ಲಿ ಕಾಯುತ್ತಿದ್ದ ಕರಿಶಂಖನಿಗೆ ದೂರದಿಂದಲೇ ತೋರಿಸಿದ.

ಎರಡನೆಯ ಇಳಿತದಲ್ಲಿ, ಅವಳೆಲ್ಲಿ ತಪ್ಪಿಸಿಕೊಳ್ಳುತ್ತಾಳೋ ಎಂಬ ಭಯಕ್ಕೆ ದಿಬ್ಬದಿಂದ ಹೊರಹೋಗುವ ದಾರಿಗೇ ಅಡ್ಡ ನಿಂತ. ತೊರಕೆ ಬಾಲ ಮೇಲೆತ್ತಿತು. ವಿಷದ ಮುಳ್ಳು ಅವನ ಎದೆಗೆ ನೇರವಾಗಿ ನಿಂತಿತು. ಬೆದರಿದ್ದು ತಾನಷ್ಟೇ ಅಲ್ಲ, ಅವಳೂ ಬೆದರಿದ್ದಾಳೆಂದು ಆಗ ಹೊಳೆಯಿತು. ಮೆಲ್ಲಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಬಾಲ ಇಳಿಯಿತು. ಅವಳು ತೆರೆದ ಕಡಲಿಗೆ ಹೊರಟುಹೋದಳು. ಜಟ್ಟಪ್ಪ ದಡಕ್ಕೆ ಬಂದು ಬಿಕ್ಕಿ ಬಿಕ್ಕಿ ಅತ್ತ.

ಮೂರನೆಯ ಇಳಿತದಲ್ಲಿ ಅವಳನ್ನು ಹುಡುಕಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಮರಳಲ್ಲಿ ಮಂಡಿಯೂರಿದ. ಕಾದ. ಇಳಿತ ಮುಗಿಯುತ್ತ ಬಂತು. ಕೊನೆಗೆ ಅವಳು ತಾನಾಗಿಯೇ ಬಂದಳು. ಅವನ ತಲೆಯ ಮೇಲೆ ಚಪ್ಪರದಂತೆ ಹರಡಿ ನಿಧಾನವಾಗಿ ಸುತ್ತಿದಳು.

"ತಮ್ಮಾ, ಕೈ ಹಿಡ್ಕೊಳೋ! ಮುಳುಗ್ತಿದ್ದೀನೋ!" ಅಕ್ಕನದೇ ಧ್ವನಿ. ಆದರೆ ಅದು ಶಂಖದೊಳಗಿಂದ ಬರುತ್ತಿತ್ತು. ಜಟ್ಟಪ್ಪ ತುಟಿ ಕಚ್ಚಿದ. ಕೈ ಬಿಚ್ಚಲಿಲ್ಲ.

ಇಳಿತ ಮುಗಿಯಿತು. ಸೋತ ಕರಿಶಂಖ ಕೆರಳಿ ನೀರಿಗೆ ಹಾರಿದ. "ಮೊದಲು ಮುಟ್ಟಿದ್ದು ನಾನು, ಇವಳು ನನ್ನವಳು!" ಎಂದು ಕೂಗಿ ಬಾಲ ಹಿಡಿದ.

ಆಣೆ ಆಣೆಯೇ. ಮಾಂತ್ರಿಕ ಬೆರಳುದ್ದದ ಮೀನಾಗಿ ಕಲ್ಲಿನ ಸಂದಿಗೆ ಓಡಿದ. ಶಂಖ ಒಡೆದು ಚೂರಾಯಿತು.

ಹೊನ್ನಮ್ಮ ಒದ್ದೆ ಸೆರಗು ಹಿಂಡುತ್ತ ದಡಕ್ಕೆ ನಡೆದು ಬಂದಳು. ಜಟ್ಟಪ್ಪ ಎದುರಿಗೇ ನಿಂತಿದ್ದ, ಕೈ ಇನ್ನೂ ಬೆನ್ನ ಹಿಂದೆಯೇ.

ದ್ವೀಪದವರು ಅಂದಿನಿಂದ ತೊರಕೆ ಕಂಡರೆ ಕೈ ಹಿಂದೆ ಕಟ್ಟಿ, ದಾರಿ ಬಿಟ್ಟು, ನೋಡುತ್ತ ನಿಲ್ಲುತ್ತಿದ್ದರಂತೆ. ಎಲ್ಲರೂ ಸುಖವಾಗಿದ್ದರಂತೆ. ಆದರೆ ಆ ದಿನ ದಡದಲ್ಲಿ ಮೊದಲು ಮಾತಾಡಿದವಳು ಹೊನ್ನಮ್ಮ.

"ಈಗಾದ್ರೂ ಕೈ ಕೊಡೋ, ಮಂಕೇ!"