ಎರಡು ಬ್ರೇಕಿನ ಕಾರು

"ಮೇಡಂ, ಕಾರು ಹೂವಿನ ಥರ ಇದೆ! ಒಂದೇ ಕೈ ಓಡಿಸಿರೋದು. ಒಂದು ಗೀರಿಲ್ಲ, ಒಂದು ತಗ್ಗಿಲ್ಲ. ಗ್ಯಾರಂಟಿ!"

ಮಾತುಮಾತಿಗೂ ಗ್ಯಾರಂಟಿ ಎನ್ನುತ್ತಿದ್ದ ಆ ದಲ್ಲಾಳಿಗೆ ಗ್ಯಾರಂಟಿ ಎಂಬುದೇ ಹೆಸರಾಗಿ ಹೋಗಿತ್ತು. ಮಳೆ ಬರುತ್ತೆ ಎಂದರೂ ಗ್ಯಾರಂಟಿ, ಬರಲ್ಲ ಎಂದರೂ ಗ್ಯಾರಂಟಿ!

ಅವಳು ಅವನ ಮಾತಿಗೆ ಕಿವಿಗೊಡಲಿಲ್ಲ. ಬೂದು ಬಣ್ಣದ ಆ ಪುಟ್ಟ ಸೆಡಾನ್ ಕಾರನ್ನು ಒಂದು ಸುತ್ತು ಹಾಕಿದಳು. ಡಿಕ್ಕಿ ತೆರೆದು ಮೂಗು ಹಾಕಿ ಮೂಸಿದಳು. ಬಗ್ಗಿ ಟೈರಿನ ಮೇಲೆ ಬೆರಳಾಡಿಸಿದಳು. ಒಂದೇ ಕಾರಿನ ಡ್ರೈವಿಂಗ್ ಸ್ಕೂಲ್ ಅವಳದು. ಕಲಿಯಲು ಬರುವವರು ಬೆನ್ನ ಹಿಂದೆ ಅವಳನ್ನು 'ಬ್ರೇಕ್ ಮೇಡಂ' ಎನ್ನುತ್ತಿದ್ದರು. ಹಳೇ ಕಾರು ಗುಜರಿ ಸೇರಿತ್ತು. ಇನ್ನೊಂದು ಬರದಿದ್ದರೆ ಬೋರ್ಡು ಇಳಿಸಿ ಮನೆಯಲ್ಲಿ ಕೂರಬೇಕಿತ್ತು.

"ಓನರ್ ಎಲ್ಲಿ?"

ಗೋಡೆಗೆ ಒರಗಿ ನಿಂತಿದ್ದವನು ಕನ್ನಡಕ ತೆಗೆದು ಒರೆಸಿದ. ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಎತ್ತರದ ಆಳು. ಕಣ್ಣಿನ ಕೆಳಗೆ ಕಪ್ಪು.

"ನೀವೇ ಒಂದು ರೌಂಡ್ ಓಡಿಸಿ. ನಾನು ಪಕ್ಕದಲ್ಲಿ ಕೂತು ನೋಡ್ತೀನಿ," ಅಂದಳು.

"ನೀವೇ ಓಡಿಸಿ ನೋಡ್ಕೊಳ್ಳಿ."

"ಕ್ಲಚ್ ಮೇಲೆ ನೀವು ಹೆಂಗೆ ಕಾಲಿಡ್ತೀರಾ ಅನ್ನೋದು ನೋಡಬೇಕು. ಕಾರಿನ ಆಯಸ್ಸು ಅಲ್ಲೇ ಇರೋದು."

"ನಾನು ಓಡಿಸಲ್ಲ."

"ಯಾಕೆ? ಮುಚ್ಚಿಡೋ ಅಂಥದ್ದು ಏನಾದ್ರೂ ಇದೆಯಾ?"

"ಅಯ್ಯೋ, ಒಂದು ರೌಂಡ್ ತಾನೇ ಗುರು!" ಗ್ಯಾರಂಟಿ ಅವನ ಬೆನ್ನು ತಟ್ಟಿದ. "ಮುನಿಸಿಕೊಂಡ ಮದುಮಗನ ಥರ ಆಡಬೇಡ. ಹತ್ತು!"

ಅವನು ಹತ್ತಿದ. ಅವಳೂ ಎಡಗಡೆ ಹತ್ತಿ ಕೂತಳು. ನಿಜ ಹೇಳಬೇಕೆಂದರೆ, ಬೇರೆಯವರು ಓಡಿಸುವಾಗ ಪಕ್ಕದಲ್ಲಿ ಕೂರುವುದೆಂದರೆ ಅವಳಿಗೆ ಜೀವ ಹೋದಂತೆ. ವ್ಯಾಪಾರಕ್ಕಾಗಿ ಹಲ್ಲು ಕಚ್ಚಿ ಕೂತಿದ್ದಳು.

ಆದರೆ... ಏನಿದು!

ತುಂಬಿದ ಲೋಟ ಇಟ್ಟಿದ್ದರೂ ತುಳುಕುತ್ತಿರಲಿಲ್ಲ, ಅಷ್ಟು ಮೆತ್ತಗೆ ಓಡಿಸುತ್ತಿದ್ದ. ಗುಂಡಿಗಳನ್ನು ದೂರದಿಂದಲೇ ಗುರುತು ಹಿಡಿದು ತಪ್ಪಿಸುತ್ತಿದ್ದ. ಅವಳ ಬಲಗಾಲು ತಾನಾಗಿಯೇ ಸಡಿಲವಾಯಿತು. ಇಂಜಿನ್ನಿನ ಸದ್ದು ಕೇಳೋಣವೆಂದು ಸೀಟಿಗೆ ಒರಗಿ ಮೆಲ್ಲನೆ ಕಣ್ಣು ಮುಚ್ಚಿದಳು.

ಕಿರ್ರ್...!

ಕಾರು ನಡುರಸ್ತೆಯಲ್ಲಿ ಮುಗ್ಗರಿಸಿ ನಿಂತಿತು. ಅವನ ಕೈ ಅವಳ ಭುಜ ಹಿಡಿದು ಕುಲುಕುತ್ತಿತ್ತು.

"ಕಣ್ಣು ಬಿಡಿ! ಬಿಡೀ... ಕಣ್ಣು ಬಿಡಿ ಅಂದ್ನಲ್ಲಾ!"

ಗಂಡಸಿನ ಕಿರುಚಾಟ, ಬ್ರೇಕಿನ ಚೀತ್ಕಾರ, ಭುಜದ ಮೇಲೆ ಕೈ... ಅವಳು ಅವನ ಕೈ ಕಿತ್ತೆಸೆದು, ಬೆಲ್ಟ್ ಬಿಚ್ಚಿ ಕೆಳಗಿಳಿದಳು.

"ಮುಟ್ಟಬೇಡಿ! ಪಕ್ಕದಲ್ಲಿ ಹೆಂಗಸು ಕೂತ ತಕ್ಷಣ ಅವಳ ಜೀವಾನೂ ತನ್ನ ಕೈಲಿದೆ ಅಂದ್ಕೊಳ್ಳೋ ಗಂಡಸರನ್ನ ಬೇಕಾದಷ್ಟು ನೋಡಿದೀನಿ!"

ಅವನು ಸ್ಟೀರಿಂಗ್ ಮೇಲೆ ಹಣೆಯಿಟ್ಟು ಕೂತುಬಿಟ್ಟ.

'ಕ್ಷಮಿಸಿ ಅನ್ನೋಕೂ ಬಾಯಿಲ್ಲ!' ಎಂದು ಉರಿಯುತ್ತಾ ಅವಳು ನಡೆದೇ ಮನೆ ಸೇರಿದಳು.

ಅವಳಿಗೊಬ್ಬ ಗಂಡನಿದ್ದ. ಅವನು ಬೈದವನಲ್ಲ, ಹೊಡೆದವನಲ್ಲ. ಜಗಳವಾದಾಗ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ವೇಗ ಹೆಚ್ಚಿಸುತ್ತಿದ್ದ, ಅಷ್ಟೇ. ಅವಳು 'ತಪ್ಪಾಯ್ತು' ಎಂದು ಅಳುವವರೆಗೆ ಹೆಚ್ಚಿಸುತ್ತಲೇ ಇರುತ್ತಿದ್ದ. ಇಲ್ಲದ ಬ್ರೇಕನ್ನು ಹುಡುಕಿ ಅವಳ ಕಾಲು ನೆಲವನ್ನು ಒತ್ತುತ್ತಿತ್ತು. ಅವನನ್ನು ಬಿಟ್ಟು ತಾಯಿಯ ಮನೆಗೆ ಬಂದು, ಕಾರು ಕಲಿತು, ಕಲಿಸುವವಳೂ ಆದಳು. ಎಡಗಡೆಯೂ ಬ್ರೇಕ್ ಇರುವ ಕಾರು ಅಂದರೆ ಡ್ರೈವಿಂಗ್ ಸ್ಕೂಲಿನದೇ ಅಲ್ಲವೇ? ಆದರೂ ಕಾಲಿಗೆ ಬುದ್ಧಿ ಬಂದಿರಲಿಲ್ಲ. ಬಸ್ಸಿನಲ್ಲಿ ಕೂತರೂ ಒತ್ತುತ್ತಿತ್ತು.

"ಮಂಚದ ಮೇಲೂ ಬ್ರೇಕ್ ಒತ್ತುತ್ತೀಯಲ್ಲೇ!" ಅಮ್ಮ ದಿನದಂತೆ ಅಂದೂ ಗೊಣಗಿದಳು. "ನಿನ್ನ ಗೊರಕೆನಾದ್ರೂ ಸಹಿಸ್ಕೋಬಹುದು, ಈ ಒದೆ ಸಹಿಸೋಕಾಗಲ್ಲ ಮಾರಾಯ್ತಿ. ಅದಿರಲಿ, ಕಾರು ಹೆಂಗಿತ್ತು?"

"ಕಾರು ಬಂಗಾರ. ಓನರ್ ದರಿದ್ರ."

"ಬಂಗಾರ ತಗೊಂಡು ದರಿದ್ರಾನ ಅಲ್ಲೇ ಬಿಟ್ಟು ಬಾ!"

ಹಾಗೆಯೇ ಆಯಿತು. ಗ್ಯಾರಂಟಿಯ ಮುಖಾಂತರ ಕಾರು ಬಂತು. ಮೆಕ್ಯಾನಿಕ್ ಎಡಗಡೆಗೂ ಬ್ರೇಕ್ ಕೂರಿಸಿಕೊಟ್ಟ. ಕಾರಿನ ತಲೆಯ ಮೇಲೆ ಸ್ಕೂಲಿನ ಬೋರ್ಡು ಬಂತು.

ದಿನವೂ ಅದೇ ಕಾರು ಕನ್ನಡಕದ ಅಂಗಡಿಯ ಮುಂದೆ ಹಾದುಹೋಗುತ್ತಿತ್ತು. ಕೆಲವೊಮ್ಮೆ ಕಲಿಯುವವರ ಕೈಯಲ್ಲಿ ಸರಿಯಾಗಿ ಅಂಗಡಿ ಬಾಗಿಲಲ್ಲೇ ಕೆಮ್ಮಿ ನಿಂತುಬಿಡುತ್ತಿತ್ತು. ಗಾಜಿನ ಹಿಂದಿನ ಆ ಎತ್ತರದ ಆಳು ನೋಡುತ್ತಾ ನಿಂತಿರುತ್ತಿದ್ದ. ಅವಳು ಮಾತ್ರ ಮುಖ ತಿರುಗಿಸುತ್ತಿದ್ದಳು.

ಒಂದು ಸಂಜೆ ಅವನು ಕಲಿಸುವ ಮೈದಾನಕ್ಕೇ ಬಂದ.

"ಎರಡನೇ ಕೀ... ಕೊಡೋದು ಮರ್ತಿತ್ತು."

"ಗ್ಯಾರಂಟಿ ಕೈಲಿ ಕಳ್ಸಬಹುದಿತ್ತು."

"ಕೀ ಕಳ್ಸಬಹುದಿತ್ತು. ಕ್ಷಮೆ ಹೆಂಗೆ ಕಳ್ಸಲಿ?"

ಅವನು ಕಾರಿನ ಎಡಬಾಗಿಲ ಬಳಿ ನಿಂತಿದ್ದರೂ ಒಳಗಿನ ಸೀಟನ್ನು ನೋಡುತ್ತಿರಲಿಲ್ಲ.

"ನಮ್ಮಮ್ಮ ಇದೇ ಸೀಟಲ್ಲಿ ಕೂತಿದ್ರು ಮೇಡಂ. ಎದೆ ಹಿಡ್ಕೊಂಡಂಗಿದೆ, ಗ್ಯಾಸ್ ಇರಬೇಕು ಅಂದ್ರು. ಆಸ್ಪತ್ರೆಗೆ ಹೊರಟ್ವಿ. ದಾರೀಲಿ ಕಣ್ಣು ಮುಚ್ಚಿದ್ರು. ಪಾಪ, ನಿದ್ದೆ ಬಂತು ಅಂದ್ಕೊಂಡೆ. ರೇಡಿಯೋ ಆಫ್ ಮಾಡಿದೆ. ಗುಂಡಿ ಇದ್ದ ಕಡೆಯೆಲ್ಲ ನಿಧಾನ ಮಾಡಿದೆ. ರೈಲ್ವೆ ಗೇಟ್ ಹಾಕಿತ್ತು. ಹಿಂದಿನವನು ಒಂದೇ ಸಮ ಹಾರ್ನ್ ಹೊಡೀತಿದ್ದ. ಇಳಿದು ಹೋಗಿ ಕೈ ಮುಗಿದೆ... 'ಅಮ್ಮ ಮಲಗಿದಾರೆ, ಹಾರ್ನ್ ಹೊಡೀಬೇಡಿ' ಅಂತ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.

"ಉಸಿರು ಯಾವಾಗ ನಿಂತಿತು ಅಂತ ಡಾಕ್ಟರು ಕೇಳಿದ್ರು. ನಂಗೆ ಗೊತ್ತಿರಲಿಲ್ಲ. ಪಕ್ಕದಲ್ಲೇ ಇದ್ದೆ ಮೇಡಂ... ನಂಗೆ ಗೊತ್ತೇ ಇರಲಿಲ್ಲ."

'ದೇವರೇ! ಅದೇ ಸೀಟಲ್ಲಿ ನಾನೂ ಕಣ್ಣು ಮುಚ್ಚಿ ಒರಗಿದ್ದೆನಲ್ಲಾ...' ಅವಳು ಎಡಗಡೆಯ ಸೀಟಿನ ಕಡೆ ನೋಡಿದಳು.

"ನಾನು... ಇಂಜಿನ್ ಸದ್ದು ಕೇಳ್ತಿದ್ದೆ ಅಷ್ಟೇ," ಅಂದಳು ಸಣ್ಣ ದನಿಯಲ್ಲಿ.

"ಆಮೇಲೆ ಹೊಳೀತು."

ಅವಳೇ ಹೋಗಿ ಡ್ರೈವರ್ ಸೀಟಿನ ಬಾಗಿಲು ತೆರೆದಳು. "ಕೂತ್ಕೊಳ್ಳಿ."

"ನನ್ನ ಕೈಲಿ ಆಗಲ್ಲ. ಎಡಗಡೆ ಸದ್ದಿಲ್ಲ ಅಂದ್ರೆ ನಂಗೆ ಕೈಕಾಲು ಆಡಲ್ಲ."

"ಸದ್ದಿಲ್ಲದೆ ಇರೋದಾ? ನಾನಾ? ನಮ್ಮಮ್ಮ ಕೇಳಿದ್ರೆ ಬಿದ್ದುಬಿದ್ದು ನಗ್ತಾರೆ!"

"ನಿಲ್ಲಿಸದೆ ಮಾತಾಡ್ತೀರಾ?"

"ನೀವು ಓಡಿಸಿ, ಆಮೇಲೆ ಸಾಕು ಅಂತ ನೀವೇ ಕೈ ಮುಗೀತೀರಾ."

ಹೀಗೆ ಶುರುವಾಯಿತು ನೋಡಿ. ಸಂಜೆ ಪಾಠ ಮುಗಿದ ಮೇಲೆ ಅವನು ಬರುತ್ತಿದ್ದ. ಅವನು ಓಡಿಸುತ್ತಿದ್ದ, ಅವಳು ಮಾತಾಡುತ್ತಿದ್ದಳು. ಅಂಗಡಿಗಳ ಬೋರ್ಡು ಓದುತ್ತಿದ್ದಳು. ಗೇರ್ ಬದಲಾಯಿಸುವ ಮುನ್ನ ಗೇರಿಗೇ 'ಸ್ವಲ್ಪ ಸರಿಯಪ್ಪ' ಎಂದು ಬೇಡಿಕೊಳ್ಳುವ ನಿವೃತ್ತ ಗುಮಾಸ್ತರ ಕಥೆ ಹೇಳುತ್ತಿದ್ದಳು. "ಎಡಗಡೆ ಕನ್ನಡಿ ಇರೋದು ಮುಖ ನೋಡ್ಕೊಳ್ಳೋಕಲ್ಲ!" ಎಂದು ಗದರುತ್ತಿದ್ದಳು.

ಎಷ್ಟು ಅಂತ ಮಾತಾಡುತ್ತೀರಿ? ಒಂದು ಸಂಜೆ ಅವಳ ಮಾತಿನ ಮೂಟೆ ಖಾಲಿಯಾಯಿತು. ಮೌನ ಬಿದ್ದ ಕೂಡಲೇ ಅವನ ಬೆರಳುಗಳು ಸ್ಟೀರಿಂಗ್ ಮೇಲೆ ಬಿಳುಪೇರಿದವು. ಗಾಬರಿಯಲ್ಲಿ ಅವಳ ಬಾಯಿಗೆ ಬಂದದ್ದು, ಯಾರಿಗೂ ಹೇಳದಿದ್ದ ಆ ಗಂಡನ ಕಥೆ. ವೇಗದ ಕಥೆ. ಬಿಡದ ಕಾಲಿನ ಕಥೆ.

ಅವನು ಅಯ್ಯೋ ಪಾಪ ಅನ್ನಲಿಲ್ಲ. ಕಾರು ಇನ್ನಷ್ಟು ನಿಧಾನವಾಯಿತು.

"ಈ ವೇಗ ಸಾಕಾ?" ಎಂದು ಕೇಳಿದ.

ಅಂದಿನಿಂದ ಗೇರ್ ಏರಿಸುವಾಗಲೆಲ್ಲ ಅದೇ ಪ್ರಶ್ನೆ. ಅವಳು ಕಿಟಕಿಯ ಕಡೆ ತಿರುಗಿ 'ಹೂಂ' ಎನ್ನುತ್ತಿದ್ದಳು. ಕಣ್ಣು ತುಂಬಿದ್ದು ಅವನಿಗೆ ಕಾಣಬಾರದಲ್ಲ!

ಆದರೆ ಒಂದು ಮಾತ್ರ ಬದಲಾಗಲಿಲ್ಲ. ರೈಲ್ವೆ ಗೇಟು ದೂರದಲ್ಲಿ ಕಂಡ ಕೂಡಲೇ ಅವನು ಕಾರು ತಿರುಗಿಸಿಬಿಡುತ್ತಿದ್ದ. ಅವಳ ಎದೆಯಲ್ಲೊಂದು ಮುಳ್ಳು ಬೇರೆ ಮುರಿಯುತ್ತಿತ್ತು... 'ಇವನಿಗೆ ಬೇಕಿರೋದು ನಾನಲ್ಲ, ನನ್ನ ಸದ್ದು.'

ಒಂದು ದಿನ ತಡೆಯಲಾಗಲಿಲ್ಲ.

"ನನ್ನ ಜಾಗದಲ್ಲಿ ಒಂದು ರೇಡಿಯೋ ಇಟ್ಕೊಂಡ್ರೂ ನಿಮಗೆ ನಡೆಯುತ್ತೆ ಅಲ್ವಾ?"

ಅವನ ಮುಖ ಬಾಡಿತು. "ನಿಮ್ಮ ಕಾಲು ಒಂದು ದಿನಾನಾದ್ರೂ ಆ ಬ್ರೇಕ್ ಬಿಟ್ಟಿದೆಯಾ? ನಿಮಗೂ ನಾನು ನಂಬಿಕೆಗೆ ಸಾಲದ ಇನ್ನೊಬ್ಬ ಗಂಡಸು, ಅಷ್ಟೇ."

"ಹಾಗಾದ್ರೆ ನಾಳೆಯಿಂದ ಬರೋದು ಬೇಡ!"

"ಬರಲ್ಲ."

ಅಂಗಡಿ ಮುಂದೆ ಕಾರು ಮತ್ತೆ ಹಾದುಹೋಗತೊಡಗಿತು. ಈಗ ಮುಖ ತಿರುಗಿಸುವವರು ಇಬ್ಬರು.

ಆಮೇಲೊಂದು ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಕುಸಿದು ಬಿದ್ದಳು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಅವಳು ಅದೇ ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮನನ್ನು ಮಲಗಿಸಿಕೊಂಡು ಹೊರಟಳು. ಗೇಟು ತೆರೆದಿತ್ತು. ದಾರಿಯುದ್ದಕ್ಕೂ "ಅಮ್ಮಾ ಮಾತಾಡು, ಅಮ್ಮಾ ಮಾತಾಡು" ಎಂದು ಕಿರುಚುತ್ತಾ ಓಡಿಸಿದಳು. ಮಾತಾಡು ಎಂದು ಇನ್ನೊಬ್ಬರನ್ನು ಬೇಡುವುದು ಎಂಥದ್ದೆಂದು ಅವತ್ತು ಅವಳಿಗೆ ಅರ್ಥವಾಯಿತು.

ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು. ಎಚ್ಚರವಾಗುತ್ತೋ ಇಲ್ಲವೋ ಹೇಳಲು ಬರುವುದಿಲ್ಲ ಅಂದರು. ಹಗಲು, ರಾತ್ರಿ, ಮತ್ತೆ ಹಗಲು... ಆಸ್ಪತ್ರೆಯ ಕಬ್ಬಿಣದ ಬೆಂಚಿನ ಮೇಲೆ ಅವಳು ಕಣ್ಣು ಮುಚ್ಚದೆ ಕೂತಿದ್ದಳು.

"ಸಂಜೆಯವರೆಗೆ ಒಳಗೆ ಯಾರನ್ನೂ ಬಿಡಲ್ಲಮ್ಮ," ಕೊನೆಗೆ ನರ್ಸ್ ಹೇಳಿದಳು. "ಮನೆಗೆ ಹೋಗಿ ಸ್ನಾನ ಮಾಡಿ ಬಾ. ನೀನೂ ಬಿದ್ರೆ ಅವರನ್ನ ನೋಡೋರ್ಯಾರು?"

ಹೊರಗೆ ಬಂದಾಗ ಕಾರಿನ ಪಕ್ಕ ಅವನು ನಿಂತಿದ್ದ. ಗ್ಯಾರಂಟಿ ಸುದ್ದಿ ಮುಟ್ಟಿಸಿದ್ದ.

"ಕೀ ಕೊಡಿ," ಅಂದ.

"ಇವತ್ತು... ಮಾತಾಡೋಕಾಗಲ್ಲ ನನ್ನ ಕೈಲಿ." ಕೂಗಿ ಕೂಗಿ ಅವಳ ದನಿ ಒಡೆದು ಹೋಗಿತ್ತು.

"ಬೇಡ. ಮಾತಾಡಬೇಡಿ."

"ಮನೆಗೆ ಹೋಗೋಕೆ ಗೇಟ್ ದಾಟಬೇಕು."

"ಗೊತ್ತು."

ಅವಳು ಎಡಗಡೆ ಕೂತಳು. ಕಾರು ಹೊರಟಿತು. ಅವನ ಹಣೆಯ ಮೇಲೆ ಬೆವರು ಮೂಡಿತ್ತು, ಆದರೂ ಕಾರು ಕುಲುಕಲಿಲ್ಲ. ಬಹಳ ಹೊತ್ತಿನ ಮೇಲೆ ಅವನೇ ಬಾಯಿ ಬಿಟ್ಟ.

"ನೀವು ಹೇಳಿದ್ರಲ್ಲ ಅಂತ ಅಂಗಡೀಲಿ ರೇಡಿಯೋ ಹಾಕಿ ನೋಡಿದೆ. ಇಡೀ ದಿನ ಒದರ್ತು. ಕನ್ನಡಿ ಮುಖ ನೋಡ್ಕೊಳ್ಳೋಕಲ್ಲ ಅಂತ ಒಂದು ಸಲಾನೂ ಬೈಲಿಲ್ಲ." ಗೇರ್ ಇಳಿಸಿದ. "ನಂಗೆ ನೀವು ಬೇಕು. ಮಾತಾಡಿದ್ರೂ ಸರಿ, ಆಡದಿದ್ರೂ ಸರಿ. ಇದನ್ನ ಇವತ್ತು ಹೇಳಬಾರದೇನೋ... ಆದ್ರೆ ನಮ್ಮಮ್ಮನ ವಿಷಯದಲ್ಲೂ ನಾನು ಹೊತ್ತು ಮೀರಿದ ಮೇಲೇ ತಿಳ್ಕೊಂಡವನು."

ಅವಳು ಬಗ್ಗಿ ಚಪ್ಪಲಿ ಬಿಚ್ಚಿದಳು. ಬ್ರೇಕಿನ ಮೇಲಿದ್ದ ಬಲಗಾಲನ್ನು, ಯಾರದೋ ಕಾಲನ್ನು ಎತ್ತುವಂತೆ ಎರಡೂ ಕೈಯಲ್ಲಿ ಎತ್ತಿ ಸೀಟಿನ ಮೇಲೆ ಮಡಚಿಕೊಂಡಳು. ಎಡಗಾಲನ್ನೂ ಎಳೆದುಕೊಂಡಳು.

ಅವನು ನೋಡಿದ. "ಕಾಲು...?"

"ನಿಮ್ಮ ಹತ್ರಾನೂ ಒಂದು ಬ್ರೇಕ್ ಇದೆಯಲ್ಲಾ."

ದೂರದಲ್ಲಿ ಗೇಟು ಕಂಡಿತು. ಕೆಂಪು ದೀಪ, ಇಳಿಯುತ್ತಿರುವ ಕಂಬಿ. ಅವನು ಕಾರು ತಿರುಗಿಸಲಿಲ್ಲ. ಸಾಲಿನಲ್ಲಿ ಹೋಗಿ ನಿಲ್ಲಿಸಿದ.

"ನಿದ್ದೆ ತಡೆಯೋಕಾಗ್ತಿಲ್ಲ..." ಅವಳ ರೆಪ್ಪೆಗಳು ಸೀಸದಷ್ಟು ಭಾರವಾಗಿದ್ದವು. "ಕಣ್ಣು ಮುಚ್ಚಲಾ?"

ಸ್ಟೀರಿಂಗ್ ಮೇಲೆ ಅವನ ಕೈ ಬಿಗಿಯಿತು. ಗೇಟಿನ ಗಂಟೆ ಬಡಿಯುತ್ತಲೇ ಇತ್ತು.

"ಮುಚ್ಚಿ," ಅಂದ ಕೊನೆಗೆ.

"ಗೊರಕೆ ಹೊಡೀತೀನಿ. ಅಮ್ಮ ದಿನಾ ಬೈತಾಳೆ."

"ಹೊಡೀರಿ." ಅವನು ಅವಳ ಕಡೆ ತಿರುಗಿದ. "ದಯವಿಟ್ಟು... ಜೋರಾಗಿ ಹೊಡೀರಿ."

ಅವಳ ತಲೆ ಕಿಟಕಿಯ ಕಡೆ ವಾಲಿತು. ಒಳಗೆ ಸದ್ದಿಲ್ಲ. ಅವನು ಉಸಿರು ಬಿಗಿಹಿಡಿದು ಎಡಗಡೆ ನೋಡುತ್ತಾ ಕೂತ. ರೈಲು ಅಬ್ಬರಿಸಿಕೊಂಡು ಬಂತು, ಹೋಯಿತು. ಆ ಸದ್ದು ಅಡಗಿದ ಮೇಲೆ, ಹಳೇ ಕಾರು ಸ್ಟಾರ್ಟ್ ಆಗಲು ಒದ್ದಾಡಿದಂಥ ಒಂದು ಒರಟು ಗೊರಕೆ ಕೇಳಿಸಿತು.

ಕಂಬಿ ಮೇಲೆದ್ದಿತು. ಹಿಂದಿನವನು ಹಾರ್ನ್ ಹೊಡೆದ. ಅವನ ಕೈ ಬಾಗಿಲ ಹಿಡಿಯವರೆಗೆ ಹೋಗಿ ನಿಂತಿತು. ಮತ್ತೊಮ್ಮೆ ಹಾರ್ನ್. ಗೊರಕೆ ತುಂಡಾಯಿತು, ಅವಳು ನಿದ್ದೆಯಲ್ಲೇ ಮುಖ ಗಂಟಿಕ್ಕಿ ಮಗ್ಗುಲು ಬದಲಿಸಿದಳು, ಗೊರಕೆ ಮತ್ತೆ ಶುರುವಾಯಿತು.

ಅವನು ಕಣ್ಣೊರೆಸಿಕೊಂಡು ಮೊದಲನೇ ಗೇರ್ ಹಾಕಿದ.